ಅರಳೆ ಮಾರಿದ ಅಂಗಳದಲ್ಲಿ ನಾಟಕ

ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್ ಕಟ್ಟಡದೊಳಗೆ, ಕತ್ತು ಹಿಂದಕ್ಕೆ ಬಾಗಿಸಿ ನೋಡಬೇಕಾದಷ್ಟು ಎತ್ತರದಲ್ಲಿ, ಹತ್ತಿಯ ದರದ ಹಲಗೆಯೊಂದು ಇಂದಿಗೂ ಇದೆ. ಅದರ ಮೇಲಿನ ಅಂಕಿಗಳು 1968ರಲ್ಲಿ ಅಲ್ಲಿ ಕೊನೆಯ ವ್ಯಾಪಾರ ನಡೆದ ದಿನದವು. ಆಮೇಲೆ ಯಾರೂ ಅವನ್ನು ಇಳಿಸಿಲ್ಲ, ಹೊಸದನ್ನು ಏರಿಸಿಲ್ಲ. ಹಲಗೆಯ ಕೆಳಗಿನ ಅಂಗಳದಲ್ಲಿ ಜನ ಕಾಫಿ ಲೋಟ ಹಿಡಿದು, ಕೋಟಿನ ಮೇಲಿನ ಮಳೆಹನಿ ಕೊಡವಿಕೊಳ್ಳುತ್ತ, ನಾಟಕದ ಬೆಲ್ ಹೊಡೆಯುವುದನ್ನು ಕಾಯುತ್ತಿರುತ್ತಾರೆ.

ಇಂಗ್ಲೆಂಡ್ ನೋಡಲು ಬರುವ ನಮ್ಮವರು ಲಂಡನ್ ನೋಡಿ ಮುಗಿಸುತ್ತಾರೆ. ಮಗನೋ ಮಗಳೋ ಉತ್ತರದ ಯಾವುದೋ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರೂ, ಬಂದ ಅಪ್ಪ ಅಮ್ಮ ರೈಲು ಹತ್ತಿ ದಕ್ಷಿಣಕ್ಕೆ ಹೋಗಿ ಗಡಿಯಾರದ ಗೋಪುರ, ಅರಮನೆ, ಸೇತುವೆ ಕಂಡು ಬರುತ್ತಾರೆ. ನನ್ನ ಮಗಳೂ ಹಾಗೇ ಗೊತ್ತುಮಾಡಿದ್ದಳು. "ಇಲ್ಲೇನೈತೆ ಅಪ್ಪಾಜಿ, ಬರೀ ಮಳೆ" ಎಂದಳು. ದಾವಣಗೆರೆಯಲ್ಲಿ ಹುಟ್ಟಿ, ಮಿಲ್ಲಿನ ಕೂಗಿಗೆ ಎದ್ದು, ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಮಾತು ಕೇಳುತ್ತಲೇ ಬೆಳೆದವನು ನಾನು. ನಿಜವಾದ ಮ್ಯಾಂಚೆಸ್ಟರಿನಲ್ಲಿ ನೋಡುವುದಕ್ಕೇನೂ ಇಲ್ಲವೆಂದರೆ ನಾನು ಒಪ್ಪುವುದು ಹೇಗೆ?

ಆ ಮಳೆಯೇ ಊರಿನ ಮೊದಲ ಬಂಡವಾಳ. ಪಶ್ಚಿಮದ ಕಡಲಿನಿಂದ ಬರುವ ತೇವದ ಗಾಳಿಯನ್ನು ಪೆನೈನ್ ಬೆಟ್ಟಸಾಲು ತಡೆದು ಈ ಸೀಮೆಯ ಮೇಲೆ ಸುರಿಸುತ್ತದೆ. ಗಾಳಿಯಲ್ಲಿ ತೇವವಿದ್ದರೆ ಹತ್ತಿಯ ನೂಲು ಬೇಗ ಹರಿಯುವುದಿಲ್ಲ. ಬೆಟ್ಟದ ಹಳ್ಳಗಳು ಮೊದಮೊದಲ ಗಿರಣಿಗಳ ಚಕ್ರ ತಿರುಗಿಸಿದವು; ಉಗಿಯಂತ್ರ ಬಂದಾಗ ಕಲ್ಲಿದ್ದಲು ಪಕ್ಕದಲ್ಲೇ ಇತ್ತು. ಹತ್ತಿ ಇಳಿಯುವ ಲಿವರ್‌ಪೂಲ್ ಬಂದರು ಐವತ್ತು ಕಿಲೋಮೀಟರ್ ಆಚೆಗೆ. ಎರಡೂ ಊರುಗಳ ನಡುವೆ 1830ರಲ್ಲೇ ರೈಲು ಓಡಿತು. ಆ ರೈಲಿನ ಲಿವರ್‌ಪೂಲ್ ರೋಡ್ ನಿಲ್ದಾಣ ಈಗ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದ ಆವರಣದಲ್ಲಿದೆ. ಜಗತ್ತಿನಲ್ಲಿ ಉಳಿದಿರುವ ಪ್ರಯಾಣಿಕರ ರೈಲು ನಿಲ್ದಾಣಗಳಲ್ಲಿ ಅದೇ ಅತ್ಯಂತ ಹಳೆಯದು.

ರಾಯಲ್ ಎಕ್ಸ್‌ಚೇಂಜ್ ಈ ಎಲ್ಲದರ ಪೇಟೆ. ನೂಲು ತೆಗೆಯುವವನು, ನೇಯಿಸುವವನು, ಬಣ್ಣ ಹಾಕಿಸುವವನು, ದೂರದೇಶಕ್ಕೆ ಬಟ್ಟೆ ಸಾಗಿಸುವವನು ಎಲ್ಲರೂ ಇಲ್ಲಿ ನಿಂತುಕೊಂಡೇ ವ್ಯಾಪಾರ ಕುದುರಿಸುತ್ತಿದ್ದರು. ವಿಸ್ತರಿಸಿದ ಕಟ್ಟಡವನ್ನು 1921ರಲ್ಲಿ ದೊರೆ ಐದನೇ ಜಾರ್ಜ್ ಉದ್ಘಾಟಿಸಿದಾಗ ಇಷ್ಟು ದೊಡ್ಡ ವಹಿವಾಟಿನ ಅಂಗಳ ಲೋಕದಲ್ಲೇ ಇಲ್ಲವೆಂದು ಊರು ಹೆಮ್ಮೆಪಟ್ಟಿತ್ತು. 1940ರ ಡಿಸೆಂಬರಿನಲ್ಲಿ ಜರ್ಮನ್ ವಿಮಾನಗಳು ಬಾಂಬ್ ಹಾಕಿದವು. ಮತ್ತೆ ಕಟ್ಟಿದಾಗ ಅಂಗಳ ಚಿಕ್ಕದಾಯಿತು. ಹಾಗಿದ್ದೂ ಒಳಗೆ ಕಾಲಿಟ್ಟವರ ದನಿ ತಾನಾಗಿ ತಗ್ಗುತ್ತದೆ. ಗುಲಾಬಿ ಬಣ್ಣದ ಕಲ್ಲುಕಂಬಗಳು, ಮೇಲೆ ಗಾಜಿನ ಗುಮ್ಮಟಗಳು, ಅವುಗಳಿಂದ ಇಳಿಯುವ ಮೋಡದ ದಿನದ ಮಂದ ಬೆಳಕು.

ಹತ್ತಿ ವ್ಯಾಪಾರ ನಿಂತ ಮೇಲೆ ಖಾಲಿ ಬಿದ್ದ ಈ ಅಂಗಳಕ್ಕೆ ನಾಟಕದವರು ಬಂದರು. ಮೊದಲು ತಾತ್ಕಾಲಿಕ ರಂಗ ಹೂಡಿ ನೋಡಿದರು. ಆಮೇಲೆ ರಿಚರ್ಡ್ ನೆಗ್ರಿ ಎಂಬ ರಂಗವಿನ್ಯಾಸಕ ಮತ್ತು ಲೆವಿಟ್ ಬರ್ನ್‌ಸ್ಟೈನ್ ಎಂಬ ವಾಸ್ತುಶಿಲ್ಪ ಸಂಸ್ಥೆ ಸೇರಿ ಕಟ್ಟಡದೊಳಗೆ ಇನ್ನೊಂದು ಕಟ್ಟಡ ಯೋಚಿಸಿದರು: ಉಕ್ಕು ಮತ್ತು ಗಾಜಿನ ಏಳು ಮುಖದ ರಂಗಮಂದಿರ. ತೊಡಕು ಭಾರದ್ದು. ಅಷ್ಟು ಉಕ್ಕನ್ನು ಹೊರುವ ಶಕ್ತಿ ಹಳೆಯ ನೆಲಕ್ಕಿರಲಿಲ್ಲ. ಆದ್ದರಿಂದ ಅಂಗಳದ ನಾಲ್ಕು ಮಹಾಕಂಬಗಳಿಗೆ ತೊಲೆ ಕೊಟ್ಟು, ತೊಟ್ಟಿಲು ತೂಗುಬಿಟ್ಟಂತೆ, ಮೇಲಿನ ಅಂತಸ್ತುಗಳನ್ನೆಲ್ಲ ಅವುಗಳಿಂದ ಇಳಿಬಿಟ್ಟರು. ನೆಲದ ಮೇಲೆ ಕೂತಿರುವುದು ರಂಗ ಮತ್ತು ಕೆಳಗಿನ ಸಾಲುಗಳು ಮಾತ್ರ. 1976ರ ಸೆಪ್ಟೆಂಬರಿನಲ್ಲಿ ಲಾರೆನ್ಸ್ ಒಲಿವಿಯೆ ಬಂದು ಅದನ್ನು ಉದ್ಘಾಟಿಸಿದರು.

ನಾನು ಕೂತದ್ದು ಮೇಲಿನ ಅಂತಸ್ತಿನಲ್ಲಿ, ಟಿಕೆಟ್ ಅಗ್ಗದ ಕಡೆ. ಅಲ್ಲಿಂದಲೂ ನಟಿಯ ಕತ್ತಿನ ಬೆವರು ಕಾಣುತ್ತಿತ್ತು. ಸುಮಾರು ಏಳುನೂರು ಜನ ಸುತ್ತ ಕೂರುತ್ತಾರೆ, ಆದರೆ ಯಾರೂ ರಂಗದಿಂದ ಒಂಬತ್ತು ಮೀಟರಿಗಿಂತ ಹೆಚ್ಚು ದೂರವಿಲ್ಲ. ಪರದೆ ಇಲ್ಲ, ಹಿಂಗೋಡೆ ಇಲ್ಲ. ಅರಮನೆ ದರ್ಬಾರು, ಕಾಡು, ಬೀದಿ ಎಂದು ಬರೆದ ಪರದೆಗಳು ಒಂದರ ಹಿಂದೊಂದು ಇಳಿಯುವ ಕಂಪನಿ ನಾಟಕ ನೋಡಿ ಬೆಳೆದ ಕಣ್ಣಿಗೆ ಮೊದಲ ಹತ್ತು ನಿಮಿಷ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ನಟರು ನಮ್ಮ ಪಕ್ಕದ ಬಾಗಿಲುಗಳಿಂದಲೇ ನುಗ್ಗಿ ಬರುತ್ತಾರೆ, ಒಬ್ಬರಿಗೆ ಬೆನ್ನು ಮಾಡಿದರೆ ಇನ್ನೊಬ್ಬರಿಗೆ ಮುಖ. ಹಾಗಾಗಿ ಬೆನ್ನಿನಲ್ಲೂ ಅಭಿನಯ ಬೇಕು. ಎದುರು ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು, ನನ್ನದು ಅವರಿಗೆ ಕಂಡಿರಬೇಕು. ನೋಡುವವರು ಒಬ್ಬರನ್ನೊಬ್ಬರು ನೋಡುತ್ತ ನಾಟಕ ನೋಡುವ ಸುಖ ನನಗೆ ಸಿಕ್ಕಿದ್ದು ಅಲ್ಲೇ.

1996ರ ಜೂನ್ 15ರ ಶನಿವಾರ ಈ ಕಟ್ಟಡದ ಸಮೀಪದಲ್ಲೇ, ಕಾರ್ಪೊರೇಷನ್ ಬೀದಿಯಲ್ಲಿ, ಐರಿಷ್ ರಿಪಬ್ಲಿಕನ್ ಆರ್ಮಿ ನಿಲ್ಲಿಸಿಹೋದ ಲಾರಿ ಸಿಡಿಯಿತು. ಅದರಲ್ಲಿದ್ದದ್ದು ಸುಮಾರು 1,500 ಕಿಲೋ ಸ್ಫೋಟಕ. ಮುನ್ಸೂಚನೆ ಸಿಕ್ಕಿದ್ದರಿಂದ ಪೊಲೀಸರು ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಿದ್ದರು. ಇನ್ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು, ಜೀವ ಯಾರದೂ ಹೋಗಲಿಲ್ಲ. ಎಕ್ಸ್‌ಚೇಂಜಿನ ಗುಮ್ಮಟಗಳು ಜಖಂಗೊಂಡವು. ನಾಟಕ ಮಾತ್ರ ನಿಲ್ಲಲಿಲ್ಲ: ರಿಪೇರಿ ಮುಗಿದು 1998ರ ನವೆಂಬರಿನಲ್ಲಿ ಬಾಗಿಲು ತೆರೆಯುವ ತನಕ ಕಾಸಲ್‌ಫೀಲ್ಡಿನ ಹಳೆಯ ಸಂತೆಕಟ್ಟೆಯ ಮಾಡಿನ ಕೆಳಗೆ ಪ್ರಯೋಗಗಳು ನಡೆದವು. ಸ್ಫೋಟದ ಹತ್ತಿರವೇ ಇದ್ದು ಉಳಿದುಕೊಂಡ ಕೆಂಪು ಅಂಚೆಪೆಟ್ಟಿಗೆ ಇವತ್ತೂ ಬೀದಿಯಲ್ಲಿದೆ. ಜನ ಅದಕ್ಕೆ ಕಾಗದ ಹಾಕುತ್ತಾರೆ.

ಹತ್ತಿಯ ಆ ದರಹಲಗೆಯ ಹಿಂದೆ ನಮ್ಮ ಕರಿಮಣ್ಣೂ ಇದೆ. 1840ರ ದಶಕದಲ್ಲಿ ಕಂಪನಿ ಸರ್ಕಾರದವರು ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ಅದು ಒಗ್ಗಿಕೊಂಡು 'ಧಾರವಾಡ-ಅಮೆರಿಕನ್' ಎಂದು ಹೆಸರಾಯಿತು. ನಮ್ಮ ನಾಡತಳಿಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿದ್ದುದರಿಂದ ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ದಕ್ಷಿಣದ ಬಂದರುಗಳು ಬಂದ್ ಆದಾಗ ಲಂಕಾಷೈರಿನ ಗಿರಣಿಗಳಿಗೆ ಅರಳೆಯೇ ಇಲ್ಲವಾಯಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡದ ಕಡೆ ತಿರುಗಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಪಕ್ಕದ ಸದಾಶಿವಗಡದಲ್ಲಿ ನೆಲೆಯೂರಲು ಹೊರಟಿತು, ಬಂದರು ಮಾಡಿಕೊಡಿ, ಘಟ್ಟಕ್ಕೆ ರಸ್ತೆ ಕಡಿಯಿರಿ ಎಂದು ಸರ್ಕಾರದ ಬೆನ್ನು ಹತ್ತಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲಿ ಈ ಹತ್ತಿಯ ಒತ್ತಾಯಕ್ಕೆ ದೊಡ್ಡ ಪಾಲಿದೆ. ಕನ್ನಡ ಕರಾವಳಿ ಎರಡು ಪ್ರಾಂತಗಳಿಗೆ ಹಂಚಿಹೋಯಿತು. 1956ರ ಏಕೀಕರಣದ ತನಕ ನಮ್ಮವರು ಅನುಭವಿಸಿದ ಆ ಗಡಿಯ ಒಂದು ಗೆರೆಗೆ ಈ ಅಂಗಳದ ಅವಸರವೂ ಕಾರಣ ಎಂಬುದು ಅಲ್ಲಿ ನಿಂತಾಗ ನನ್ನನ್ನು ಬಹಳ ಹೊತ್ತು ಕಾಡಿತು.

ಅಲ್ಲಿಂದ ಸ್ವಲ್ಪ ನಡೆದರೆ ಲಿಂಕನ್ ಚೌಕ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಇಲ್ಲಿ ಕಂಚಿನಲ್ಲಿ ನಿಂತಿದ್ದಾರೆ. ಕಾರಣ ಇದು: ಹತ್ತಿಯಿಲ್ಲದೆ ಗಿರಣಿ ಮುಚ್ಚಿ, ಮನೆಯಲ್ಲಿ ಒಲೆ ಆರಿ ಕೂತ ಕಾಲದಲ್ಲೂ ಮ್ಯಾಂಚೆಸ್ಟರಿನ ದುಡಿಮೆಗಾರರು 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಲಿಂಕನ್ನರ ಪಕ್ಷ ನಿಂತರು. 1863ರ ಜನವರಿ 19ರಂದು ಲಿಂಕನ್ ಈ ದುಡಿಮೆಗಾರರಿಗೆ ಕೃತಜ್ಞತೆಯ ಕಾಗದ ಬರೆದರು. ಅದರ ಮಾತುಗಳು ಪ್ರತಿಮೆಯ ಪೀಠದಲ್ಲಿವೆ. ಆ ಸಭೆ ಸೇರಿದ ನೆಲ ನೆತ್ತರಿನ ನೆಲವೂ ಹೌದು. 1819ರ ಆಗಸ್ಟ್ 16ರಂದು ಇದೇ ಸೇಂಟ್ ಪೀಟರ್ಸ್ ಬಯಲಿನಲ್ಲಿ ಮತದಾನದ ಹಕ್ಕು ಕೇಳಲು ನೆರೆದ ಸುಮಾರು ಅರುವತ್ತು ಸಾವಿರ ಜನರ ಮೇಲೆ ಕುದುರೆಪಡೆ ಕತ್ತಿ ಬೀಸಿತ್ತು. ಫ್ರೀ ಟ್ರೇಡ್ ಹಾಲ್ ಈಗ ಹೋಟೆಲು. ಹಳೆಯ ಮುಖಗೋಡೆ ಉಳಿದಿದೆ, ಗೋಡೆಯಲ್ಲಿ ಆ ದಿನವನ್ನು ನೆನಪಿಸುವ ಕೆಂಪು ಫಲಕವಿದೆ.

ಇಲ್ಲಿನ ದುಡಿಯುವ ಜನರ ಬಗ್ಗೆ ನನಗಿರುವ ಗೌರವಕ್ಕೆ ಇನ್ನೊಂದು ಕಾರಣವುಂಟು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ಲಂಕಾಷೈರಿನ ಡಾರ್ವೆನ್ನಿಗೆ ಬಂದು ತಂಗಿದ್ದರು. ಅವರ ಸ್ವದೇಶಿ ಕರೆಯಿಂದ ಕೆಲಸ ಕಳೆದುಕೊಂಡ ಮಿಲ್ಲಿನ ಹೆಂಗಸರೇ ಅವರನ್ನು ಸುತ್ತುವರಿದು ಜಯಕಾರ ಹಾಕಿದರು. ಆ ಫೋಟೊ ನೋಡದವರು ಕಡಿಮೆ.

ವಸ್ತುಸಂಗ್ರಹಾಲಯದ ಜವಳಿ ವಿಭಾಗದಲ್ಲಿ ಹಳೆಯ ಯಂತ್ರಗಳನ್ನು ನೋಡುಗರಿಗಾಗಿ ಓಡಿಸಿ ತೋರಿಸುತ್ತಾರೆ. ಒಂದೇ ಮಗ್ಗ ಓಡಿದರೂ ಲಾಳಿಯ ಹೊಡೆತ ಎದೆಗೆ ತಾಗುತ್ತದೆ. ಅಂಥ ನೂರಾರು ಮಗ್ಗ ಒಂದೇ ಮಾಡಿನ ಕೆಳಗೆ ಓಡುತ್ತಿದ್ದವು. ನೇಯುವ ಹೆಂಗಸರು ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ತುಟಿಯನ್ನು ಅಗಲಿಸಿ, ಮುಖವನ್ನೆಲ್ಲ ಆಡಿಸಿ, ಕೈಸನ್ನೆ ಸೇರಿಸಿ ಮಾತಾಡುವುದನ್ನು ರೂಢಿಸಿಕೊಂಡರು. ಅದನ್ನು ಅವರು ಮೀ-ಮಾ ಎನ್ನುತ್ತಿದ್ದರು. ಆ ಮುಖದಾಟ ಅಲ್ಲಿಂದ ಹಾಸ್ಯದ ರಂಗಕ್ಕೆ ಏರಿತು. ಮ್ಯಾಂಚೆಸ್ಟರಿನ ಲೆಸ್ ಡಾಸನ್ ಎಂಬ ಹಾಸ್ಯನಟ ಹೆಣ್ಣುವೇಷ ಹಾಕಿ, ಹೇಳಬಾರದ ಮಾತನ್ನು ದನಿಯಿಲ್ಲದೆ ತುಟಿಯಲ್ಲಷ್ಟೇ ಆಡಿ ದೇಶವನ್ನೆಲ್ಲ ನಗಿಸಿದ್ದು ಈ ಮಿಲ್ಲಿನ ವಿದ್ಯೆಯಿಂದಲೇ. ನಮ್ಮ ಓಣಿಯಲ್ಲೂ ಲೂಮಿನ ಕೆಲಸದವರು ಮನೆಗೆ ಬಂದ ಮೇಲೂ ಗಟ್ಟಿಯಾಗಿ ಮಾತಾಡುತ್ತಿದ್ದರು, ಕೈ ಆಡಿಸುತ್ತಿದ್ದರು. ಅವರು ಜಗಳವಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದ ಹುಡುಗ ನಾನು.

ಹತ್ತಿಯ ಹಣ ಏನೇನು ಕಟ್ಟಿತು ಎಂದು ನೋಡಬೇಕಾದರೆ ಡೀನ್ಸ್‌ಗೇಟ್ ಬೀದಿಯ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯಕ್ಕೆ ಹೋಗಬೇಕು. ರೈಲ್ಯಾಂಡ್ಸ್ ಜವಳಿ ವರ್ತಕ. 1888ರಲ್ಲಿ ಆತ ತೀರಿಕೊಂಡ ಮೇಲೆ, ಕ್ಯೂಬಾದಲ್ಲಿ ಹುಟ್ಟಿದ ಆತನ ಹೆಂಡತಿ ಎನ್ರಿಕೆಟಾ ಗಂಡನ ನೆನಪಿಗೆ ಇದನ್ನು ಕಟ್ಟಿಸಿದಳು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1900ರ ಜನವರಿ 1ರಂದು. ಹೊರಗೆ ಕೆಂಪು ಮರಳುಗಲ್ಲು, ಒಳಗೆ ಚರ್ಚಿನಂಥ ಕಮಾನು. ಬೀದಿಯ ಗದ್ದಲ ತಾಗದಿರಲೆಂದು ಓದುವ ಕೊಠಡಿಯನ್ನು ಮೇಲಕ್ಕೆತ್ತಿ ಕಟ್ಟಿದ್ದಾರೆ. ಯೋಹಾನನ ಸುವಾರ್ತೆಯ ಅತ್ಯಂತ ಹಳೆಯ ತುಣುಕು, ಅಂಗೈಗಿಂತ ಚಿಕ್ಕ ಪಪೈರಸ್ ಚೂರು, ಇಲ್ಲಿನ ಆಸ್ತಿ. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಊರಿನಲ್ಲಿ ಇದಕ್ಕಿಂತ ಹಳೆಯ ಗ್ರಂಥಾಲಯವೂ ಇದೆ, 1653ರಲ್ಲಿ ಹುಟ್ಟಿದ ಚೀಟಮ್ಸ್. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಅಕ್ಕಪಕ್ಕ ಕೂತು ಓದಿದ ಕಿಟಕಿಯ ಮೂಲೆ ಅಲ್ಲಿದೆ. ವಾಟರ್‌ಹೌಸ್ ಕಟ್ಟಿದ 1877ರ ಟೌನ್ ಹಾಲನ್ನು ಹೊರಗಿನಿಂದಷ್ಟೇ ನೋಡಿದೆ. 2018ರಲ್ಲಿ ದೊಡ್ಡ ದುರಸ್ತಿಗೆ ಮುಚ್ಚಿದ ಅದರ ಕೆಲಸ ಇನ್ನೂ ನಡೆದಿತ್ತು.

ಹಳದಿ ಟ್ರಾಮಿನಲ್ಲಿ ಸಾಲ್‌ಫರ್ಡ್ ಕೀಸ್ ಕಡೆಗೆ ಹೋದರೆ ಇದು ಒಂದು ಕಾಲದ ಬಂದರು ಎಂದು ನಂಬುವುದು ಕಷ್ಟ. ಲಿವರ್‌ಪೂಲಿನ ಬಂದರಿಗೆ ಸುಂಕ ಕಟ್ಟಿ ಬೇಸತ್ತ ಮ್ಯಾಂಚೆಸ್ಟರ್, 36 ಮೈಲಿ ಕಾಲುವೆ ತೋಡಿ 1894ರಲ್ಲಿ ಕಡಲ ಹಡಗುಗಳನ್ನು ಮನೆಬಾಗಿಲಿಗೇ ತರಿಸಿಕೊಂಡಿತು. ಹಡಗುಗಳು ನಿಂತುಹೋದ ಮೇಲೆ ಅದೇ ದಂಡೆಯಲ್ಲಿ 2000ದಲ್ಲಿ ಲೌರಿ ರಂಗಮಂದಿರ ಎದ್ದಿತು. ಅದಕ್ಕೆ ಇಟ್ಟಿರುವುದು ಚಿತ್ರಕಾರ ಎಲ್.ಎಸ್. ಲೌರಿಯ ಹೆಸರು. ಬಾಡಿಗೆ ವಸೂಲಿಯ ಕೆಲಸ ಮಾಡುತ್ತ ಬೀದಿಬೀದಿ ಅಲೆದ ಲೌರಿ, ಪಾಳಿ ಮುಗಿಸಿ ಗಿರಣಿಯಿಂದ ಹೊರಬರುವ ಜನರನ್ನು ಕಡ್ಡಿಕಡ್ಡಿಯಾಗಿ ಬರೆದ. ಅವನ ಚಿತ್ರಗಳು ಒಳಗೆ ತೂಗಿವೆ. ಫುಟ್‌ಬಾಲ್ ಆಟಕ್ಕೆ ಹೊರಟ ಜನರ ಚಿತ್ರವೊಂದು 2022ರಲ್ಲಿ ಹರಾಜಿಗೆ ಬಂದಾಗ, ಅದು ಊರು ಬಿಟ್ಟು ಹೋಗಬಾರದೆಂದು ಈ ಸಂಸ್ಥೆ 78 ಲಕ್ಷ ಪೌಂಡ್ ಕೊಟ್ಟು ಉಳಿಸಿಕೊಂಡಿತು. ಬಗ್ಗಿದ ಬೆನ್ನು, ಮುಂದೆ ಚಾಚಿದ ತಲೆ, ಬೇಗ ಬೇಗ ನಡೆಯುವ ಕಾಲು. ನಮ್ಮೂರಿನ ದಾವಣಗೆರೆ ಕಾಟನ್ ಮಿಲ್ಲಿನ, ಅಂದರೆ ಡಿಸಿಎಂನ, ಗೇಟಿನಿಂದ ಸಂಜೆ ಹೊರಬರುತ್ತಿದ್ದವರ ನಡಿಗೆಯೂ ಅದೇ.

ಮ್ಯಾಂಚೆಸ್ಟರ್ ಮುಗಿಸಿ ಹೋದ ಬರ್ಮಿಂಗ್‌ಹ್ಯಾಮಿನಲ್ಲಿ ನನ್ನನ್ನು ಮೊದಲು ಎಳೆದದ್ದು ನಾಟಕವಲ್ಲ, ಒಂದು ಕಾದಂಬರಿ. ಯು.ಆರ್. ಅನಂತಮೂರ್ತಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ತಮ್ಮ ಗುರು ಮಾಲ್ಕಮ್ ಬ್ರ್ಯಾಡ್‌ಬರಿಯವರ ಜೊತೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದರು. ಸಬ್‌ಟೈಟಲ್ ಇರಲಿಲ್ಲ, ಸ್ವೀಡಿಷ್ ಇಬ್ಬರಿಗೂ ಬಾರದು. ಪ್ಲೇಗಿನ ಆ ಮಧ್ಯಯುಗದ ಕಥೆ ಅನಂತಮೂರ್ತಿಯವರಿಗೆ ತಮ್ಮ ಮಲೆನಾಡಿನ ಅಗ್ರಹಾರವನ್ನು ಎಬ್ಬಿಸಿತು. 1965ರಲ್ಲಿ 'ಸಂಸ್ಕಾರ' ಹುಟ್ಟಿದ್ದು ಹೀಗೆ, ಕಾಲುವೆಗಳ ಈ ಕೈಗಾರಿಕಾ ಊರಿನಲ್ಲಿ. ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರು ತಮ್ಮ ಅಗ್ರಹಾರ ದೂರ್ವಾಸಪುರದಲ್ಲಿ ನಡೆದಾಡುವ ಮುನ್ನ ಇಲ್ಲಿನ ಚಳಿಯಲ್ಲಿ ನಡೆದಿದ್ದಾರೆ ಎಂದುಕೊಂಡು ವಿಶ್ವವಿದ್ಯಾಲಯದ ಕೆಂಪಿಟ್ಟಿಗೆಯ ಗಡಿಯಾರ ಗೋಪುರದ ಕೆಳಗೆ ನಿಂತಿದ್ದೆ.

ಊರ ನಡುವಿನ ಸೆಂಟಿನರಿ ಚೌಕದಲ್ಲಿ ಗ್ರಂಥಾಲಯ ಮತ್ತು ರಂಗಮಂದಿರ ಒಂದೇ ಬಾಗಿಲನ್ನು ಹಂಚಿಕೊಂಡಿವೆ. ಹೊರಗೆ ಲೋಹದ ಬಳೆಬಳೆಯ ಕಸೂತಿ ಹೊದ್ದ ಗ್ರಂಥಾಲಯವನ್ನು 2013ರ ಸೆಪ್ಟೆಂಬರ್ 3ರಂದು ಮಲಾಲಾ ಯೂಸುಫ್‌ಝೈ ತೆರೆದಳು. ತಲೆಗೆ ಗುಂಡು ತಾಗಿದ್ದ ಆ ಹುಡುಗಿಗೆ ಮುಂದೆ ಚಿಕಿತ್ಸೆ ನೀಡಿದ್ದು ಇದೇ ಊರಿನ ವೈದ್ಯರು. ಗ್ರಂಥಾಲಯದ ನೆತ್ತಿಯಲ್ಲಿ 1882ರ ಶೇಕ್ಸ್‌ಪಿಯರ್ ಸ್ಮಾರಕ ಕೊಠಡಿಯಿದೆ. ಹಳೆಯ ಕಟ್ಟಡ ಕೆಡವಿದಾಗೆಲ್ಲ ಅದರ ಕೆತ್ತಿದ ಮರದ ಫಲಕಗಳನ್ನು ಬಿಚ್ಚಿಟ್ಟುಕೊಂಡು ಮತ್ತೆ ಜೋಡಿಸುತ್ತ ಬಂದಿದ್ದಾರೆ. ಪಕ್ಕದ ರೆಪ್ ರಂಗಮಂದಿರ 1971ರದು. ಅದರ ತಾಯಿಮನೆ ನ್ಯೂ ಸ್ಟ್ರೀಟ್ ನಿಲ್ದಾಣದ ಹಿಂದೆ, ಸ್ಟೇಷನ್ ಬೀದಿಯಲ್ಲಿದೆ. 1913ರಲ್ಲಿ ಬ್ಯಾರಿ ಜಾಕ್ಸನ್ ತನ್ನ ಸ್ವಂತ ಹಣದಲ್ಲಿ ಕಟ್ಟಿದ ಓಲ್ಡ್ ರೆಪ್ ಅದು. 1923ರಲ್ಲಿ ಶೇಕ್ಸ್‌ಪಿಯರನ ಪಾತ್ರಗಳಿಗೆ ಆ ಕಾಲದ ಕೋಟು ಪ್ಯಾಂಟು ತೊಡಿಸಿ ಆಡಿಸಿದ್ದು ಅಲ್ಲೇ. ತರುಣ ಒಲಿವಿಯೆ ಕಲಿತದ್ದೂ ಅಲ್ಲೇ.

ಈ ಊರಿನ ರಂಗಭೂಮಿಗೆ ಈಗ ಕಷ್ಟದ ಕಾಲ. 2023ರ ಸೆಪ್ಟೆಂಬರಿನಲ್ಲಿ ನಗರಾಡಳಿತ ತನ್ನ ಬೊಕ್ಕಸ ಬರಿದಾಗಿದೆ ಎಂದು ಘೋಷಿಸಿತು. ಮುಂದಿನ ವರ್ಷ ಪ್ರಮುಖ ಕಲಾಸಂಸ್ಥೆಗಳ ಅನುದಾನ ಅರ್ಧ ಕಡಿತ, ಅದರ ಮರುವರ್ಷ ಪೂರ್ತಿ ಬಂದ್ ಎಂದು ತೀರ್ಮಾನಿಸಿತು. ರಂಗಮಂದಿರಗಳ ಬಾಗಿಲು ತೆರೆದೇ ಇದೆ. ಆದರೆ ನಾಟಕವನ್ನು ಮೊದಲು ಕತ್ತರಿಸಬಹುದಾದ ಖರ್ಚು ಎಂದು ಬಗೆಯುವ ಆಡಳಿತ ಎಲ್ಲಿದ್ದರೂ ತಪ್ಪು.

ಮೂರನೆಯದು ಲೀಡ್ಸ್, ಉಣ್ಣೆಯ ಊರು. ಚಂದ್ರಶೇಖರ ಪಾಟೀಲರು, ನಮ್ಮ ಚಂಪಾ, ಭಾಷಾಶಾಸ್ತ್ರ ಓದಲು ಬಂದದ್ದು ಇಲ್ಲಿನ ವಿಶ್ವವಿದ್ಯಾಲಯಕ್ಕೆ. ಇಲ್ಲಿ ನೋಡಲೇಬೇಕಾದ್ದು ಒಂದು ಕಿರುಓಣಿಯಲ್ಲಿ ಅಡಗಿರುವ ಸಿಟಿ ವೆರೈಟೀಸ್, 1865ರ ಮ್ಯೂಸಿಕ್ ಹಾಲ್. ಕೆಂಪು ಮಕಮಲ್ಲು, ಸುಣ್ಣದ ಗಾರೆಯ ಕುಸುರಿ, ರಂಗದ ಮೇಲಕ್ಕೇ ಬಾಗಿದಂತಿರುವ ಬಾಲ್ಕನಿ. ಹಾಡು, ಹಾಸ್ಯ, ಜಾದು ಎಲ್ಲ ಒಂದೇ ಟಿಕೆಟ್ಟಿಗೆ ಸಿಗುತ್ತಿದ್ದ ದುಡಿಯುವವರ ಮನರಂಜನೆ ಇದು. ಬಿಬಿಸಿ 1953ರಿಂದ 1983ರ ತನಕ ಇಲ್ಲಿಂದಲೇ ಆ ಹಳೆಯ ಕಾಲದ ಕಾರ್ಯಕ್ರಮವನ್ನು ತೋರಿಸುತ್ತಿತ್ತು. ನೋಡಲು ಬರುವವರೂ ಅಜ್ಜಂದಿರ ಕಾಲದ ಉಡುಪು ತೊಟ್ಟು ಬರುತ್ತಿದ್ದರು. 1863ರ ಕಾಳಿನ ಪೇಟೆ, ಕಾರ್ನ್ ಎಕ್ಸ್‌ಚೇಂಜ್, ಮೊಟ್ಟೆಯಾಕಾರದ ಗುಮ್ಮಟದ ಕೆಳಗೆ ಸಣ್ಣಸಣ್ಣ ಅಂಗಡಿಗಳನ್ನು ಸಾಕಿಕೊಂಡಿದೆ.

ಮೂರು ಊರುಗಳನ್ನೂ ತಿರುಗಿದ ಮೇಲೆ ನನಗೆ ಹೇಳಬೇಕೆನಿಸಿದ ಮಾತು ನಮ್ಮೂರಿನದು. ದಾವಣಗೆರೆಯಲ್ಲಿ ಕಾಟನ್ ಮಿಲ್ಲು, ಗಣೇಶ ಮಿಲ್ಲು, ಶಂಕರ ಮಿಲ್ಲು, ಚಂದ್ರೋದಯ ಮಿಲ್ಲು ಎಂದು ಒಂದೊಂದಾಗಿ ಬಾಗಿಲು ಹಾಕಿದವು. ಡಿಸಿಎಂ ಈಗ ಬಡಾವಣೆಯ ಹೆಸರು. ಮಿಲ್ಲಿನಷ್ಟೇ ಆ ಊರಿನದಾಗಿದ್ದ ಇನ್ನೊಂದು ಸಂಪತ್ತು ಕಂಪನಿ ನಾಟಕ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದು. ಚಿಂದೋಡಿ ಲೀಲಾ ಅವರ 'ಪೋಲೀಸನ ಮಗಳು' ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಸಂಜೆ ಪಾಳಿ ಮುಗಿಸಿದವರು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಮೊದಲ ಸಾಲಿನ ನೆಲದ ಮೇಲೆ ಕೂತು ಇಂಥ ನಾಟಕಗಳನ್ನು ನೋಡುತ್ತಿದ್ದರು. ಈಗ ವೃತ್ತಿ ರಂಗಭೂಮಿಗೆಂದೇ ಸರ್ಕಾರ ದಾವಣಗೆರೆಗೆ ಒಂದು ರಂಗಾಯಣ ಕೊಟ್ಟಿದೆ. ಮಿಲ್ಲೂ ನಾಟಕವೂ ಒಂದೇ ಊರಿನಲ್ಲಿ ಇದ್ದ ಮೇಲೆ ಮ್ಯಾಂಚೆಸ್ಟರಿನವರು ಮಾಡಿದ್ದನ್ನು ನಾವೂ ಮಾಡಬಹುದು.

ಹತ್ತಿ ಮಾರುಕಟ್ಟೆಯ ಹಳೆಯ ಜಿನ್ನಿಂಗ್ ಶೆಡ್ಡು, ಗೋದಾಮುಗಳಲ್ಲಿ ಉಳಿದಿರುವ ಒಂದನ್ನಾದರೂ ಮಹಾನಗರ ಪಾಲಿಕೆಯೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಸೇರಿ ನಾಟಕಕ್ಕೆ ಬಿಡಿಸಿಕೊಡಬೇಕು. ಅಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹಲವರಿಗೆ ಎಪ್ಪತ್ತು ದಾಟಿದೆ. ಮೊದಲ ಪ್ರಯೋಗಕ್ಕೆ ಮುಂದಿನ ಸಾಲು ಅವರಿಗೆ ಮೀಸಲಿಡಿ.